ಪದ್ಮಿನಿಯ ಕಾರ್ಪೆಟ್ ಕೆಳಗೆ

ಅಪ್ಪನ ಪ್ರೀಮಿಯರ್ ಪದ್ಮಿನಿ ಕಾರು 1984ರದ್ದು. ಮೈಸೂರಿನ ಸರಸ್ವತಿಪುರಂನಲ್ಲಿ ನಮ್ಮ ಮನೆ ಮುಂದೆ ಆರು ವರ್ಷ ಸುಮ್ನೆ ನಿಂತಿತ್ತು. ಎಂಜಿನ್ ಕೆಲಸ ಹೋದ ವರ್ಷವೇ ಮುಗಿದಿತ್ತು. ಆದರೂ ಬಾಗಿಲು ತೆಗೆದರೆ ನೆನೆದ ಗೋಣಿಚೀಲದ ವಾಸನೆ. ಮೇ ತಿಂಗಳ ಒಂದು ಭಾನುವಾರ ಒಳಗಿನದೆಲ್ಲವನ್ನೂ ಬಿಚ್ಚಲು ಕೂತೆ.

ಮೊದಲು ಬ್ಯಾಟರಿಯ ವೈರ್ ತೆಗೆದೆ. ಆಮೇಲೆ ಸೀಟು. ಈ ಗಾಡಿಯ ಗೇರು ಸ್ಟೀರಿಂಗ್ ಪಕ್ಕದಲ್ಲೇ ಇರುವುದರಿಂದ ಮುಂದೆ ಒಂದೇ ಉದ್ದನೆಯ ಸೀಟು. ಮಂಡ್ಯದ ಅಜ್ಜಿ ಮನೆಗೆ ಹೋಗುವಾಗ ಅಪ್ಪ ಅಮ್ಮನ ನಡುವೆ ನಾನು ಕೂರುತ್ತಿದ್ದದ್ದು ಇದರ ಮೇಲೆಯೇ. ಹಿಂದಿನ ರಾತ್ರಿಯೇ ಬೋಲ್ಟುಗಳಿಗೆ ಎಣ್ಣೆ ಬಿಟ್ಟಿದ್ದೆ. ಮೂರು ಬಂದವು, ನಾಲ್ಕನೆಯದು ಮುರಿಯಿತು.

ಉಳಿದದ್ದು ಕಾರ್ಪೆಟ್. ಹನ್ನೆರಡು ವರ್ಷದ ಹಿಂದೆ ಗಾಡಿ ಚೆಂದ ಕಾಣಲಿ ಅಂತ ನಾನೇ ಹಟ ಹಿಡಿದು ಹಾಕಿಸಿದ್ದು. ಅಂಗಡಿಯವರು ತಗಡಿನ ಮೇಲಿದ್ದ ಹಳೆಯ ಫೆಲ್ಟ್, ಅಂದರೆ ದಪ್ಪ ಕಂಬಳಿಯಂಥ ಹಾಸು, ತೆಗೆಯದೆ ಅದರ ಮೇಲೆಯೇ ಅಂಟಿಸಿದ್ದರು. ಎಡಗಡೆ, ಕಾಲಿಡುವ ಜಾಗದಲ್ಲಿ ಎಳೆದಾಗ ಕಾರ್ಪೆಟ್ ಜೊತೆಗೆ ತಗಡಿನ ಚಕ್ಕೆಗಳೂ ಎದ್ದು ಬಂದವು. ತೂತಿನೊಳಗಿಂದ ಕೆಳಗೆ ಬಿದ್ದಿದ್ದ ಹೊಂಗೆ ಎಲೆ ಕಾಣಿಸಿತು. ಫೆಲ್ಟನ್ನು ಹಿಂಡಿದರೆ ನೀರು. ವಾರದಿಂದ ಮಳೆಯೇ ಇರಲಿಲ್ಲ!

ಕೆಳಗಿನಿಂದ ತುಕ್ಕು ಹಿಡಿದಿದ್ದರೆ ಇಷ್ಟು ಸಂಕಟ ಆಗುತ್ತಿರಲಿಲ್ಲ. ಇದು ಮೇಲಿನಿಂದ, ನಾನು ಹೊದಿಸಿದ್ದರ ಅಡಿಯಲ್ಲೇ ತಿಂದಿತ್ತು. ಬರೀ ತಗಡಿನ ಮೇಲೆ ನೀರು ಬಿದ್ದರೆ ಗಾಳಿಗೆ ಆರುತ್ತದೆ. ಫೆಲ್ಟ್ ಅದನ್ನು ಕುಡಿದು ತಿಂಗಳುಗಟ್ಟಲೆ ತಗಡಿಗೆ ಒತ್ತಿ ಹಿಡಿಯುತ್ತದೆ. ಮೇಲೆ ಕಾರ್ಪೆಟ್ ಇದ್ದರೆ ಅದು ಆರುವುದಾದರೂ ಹೇಗೆ?

ನಾಳೆಯೇ ಟಿಂಕರಿಂಗ್‌ಗೆ ಬಿಡೋಣ ಅಂದೆ. ಅಪ್ಪ ಬಾಗಿ ನೋಡಿದರು. “ನೀರು ಎಲ್ಲಿಂದ ಬರ್ತದೆ ಅಂತ ನೋಡದೆ ತಗಡು ಹಾಕಿಸ್ಬೇಡ ಕಣಪ್ಪ” ಅಂದರು.

ಅಮ್ಮ ರಂಗೋಲಿ ಪುಡಿ ಡಬ್ಬ ತಂದುಕೊಟ್ಟರು. ಡ್ಯಾಶ್‌ಬೋರ್ಡ್ ಕೆಳಗೆ, ಬಾಗಿಲ ಅಂಚಿಗೆ, ನೆಲಕ್ಕೆಲ್ಲ ತೆಳ್ಳಗೆ ಉದುರಿಸಿದೆ. ನಾನು ಟಾರ್ಚ್ ಹಿಡಿದು ಒಳಗೆ, ಅಪ್ಪ ಬಕೆಟ್ ಮಗ್ಗು ಹಿಡಿದು ಹೊರಗೆ. ಬಾಗಿಲುಗಳ ಮೇಲೆ ಸುರಿದರು, ಏನೂ ಆಗಲಿಲ್ಲ. ಮುಂದಿನ ಗಾಜಿನ ಮೇಲೆ ಸುರಿದರು. ಸ್ವಲ್ಪ ಹೊತ್ತಿಗೆ ಎಡ ಮೂಲೆಯಿಂದ ಬಿಳಿ ಪುಡಿಯ ನಡುವೆ ಕಪ್ಪು ಗೆರೆಯೊಂದು ಸರಸರ ಇಳಿದು ಸೀದಾ ಆ ತೂತಿಗೆ ಬಂತು. ಗಾಜಿನ ಸುತ್ತಲಿನ ರಬ್ಬರ್ ಬೀಡಿಂಗ್ ಕಲ್ಲಿನ ಹಾಗೆ ಗಟ್ಟಿಯಾಗಿ ಮೂಲೆಯಲ್ಲಿ ಬಿಟ್ಟುಕೊಂಡಿತ್ತು. ಅಷ್ಟೇ. “ಸಿಕ್ತು ಅಪ್ಪಾ!” ಅಂತ ಕೂಗಿದೆ.

ಮುಂದಿನ ಕೆಲಸ ಬೇಗ ಆಯಿತು. ಹೊಸ ಬೀಡಿಂಗ್ ಹಾಕಿಸಿದೆವು. ಕೊಳೆತ ತಗಡು ಕತ್ತರಿಸಿ ಹೊಸದನ್ನು ವೆಲ್ಡ್ ಮಾಡಿಸಿ, ಎರಡು ಕೋಟ್ ರೆಡ್ ಆಕ್ಸೈಡ್ ಬಳಿದು ಮೇಲೆ ಪೇಂಟ್ ಹೊಡೆದೆ. ಬಾಗಿಲಿನ ಅಡಿಯಲ್ಲಿ ನೀರು ಹೋಗಲೆಂದೇ ಇರುವ ಸಣ್ಣ ತೂತುಗಳು ಮಣ್ಣು ಕಟ್ಟಿದ್ದವು, ಅವನ್ನೂ ತಂತಿಯಿಂದ ಬಿಡಿಸಿದೆ. ಹಳೇ ಗಾಡಿ ಇರುವವರು ಇದೊಂದನ್ನು ಇವತ್ತೇ ನೋಡಿಕೊಳ್ಳಿ.

ಸೀಟನ್ನು ಪೂರ್ತಿ ಫೋಮ್ ಮಾಡಿಸುವ ಆಸೆ ನನಗಿತ್ತು. ಕುಶನ್ ಕೆಲಸದ ಹಿರಿಯರು ಹರಿದ ರೆಕ್ಸಿನ್ ಬಿಚ್ಚಿ, ಗೋಣಿತಾಟು ಸರಿಸಿ, ಒಳಗಿನ ಸ್ಪ್ರಿಂಗನ್ನು ಅಂಗೈಯಿಂದ ಒತ್ತಿ ನೋಡಿದರು. “ಸ್ಪ್ರಿಂಗ್ ಇನ್ನೂ ಚೆನ್ನಾಗೈತೆ ಸಾರ್, ಯಾಕೆ ಎಸೀತೀರಾ? ನಾರು ಮಾತ್ರ ಪುಡಿಯಾಗೈತೆ” ಅಂದರು. ಹೊಸ ತೆಂಗಿನ ನಾರು ತುಂಬಿ, ಮೇಲೆ ಒಂದಿಂಚು ಫೋಮ್ ಮಾತ್ರ ಇಟ್ಟು, ಹಳೇ ಹೊಲಿಗೆ ಗೆರೆಗಳ ಲೆಕ್ಕದಲ್ಲೇ ಕಂದು ರೆಕ್ಸಿನ್ ಹೊಲಿದರು. ಅವರ ಮಾತು ಕೇಳಿದ್ದು ಒಳ್ಳೆಯದಾಯಿತು. ಕೂತರೆ ಮೊದಲಿನ ಹಾಗೇ ಸಣ್ಣಗೆ ಪುಟಿಯುತ್ತದೆ.

ಕಾರ್ಪೆಟ್ ಮಾತ್ರ ಹಾಕಿಸಲಿಲ್ಲ. ಎತ್ತಿ ಒಣಗಿಸಬಹುದಾದ ಬಿಡಿ ಮ್ಯಾಟ್ ಸಾಕು ಅಲ್ವಾ? ಅದನ್ನೂ ಮೊದಲ ಜೋರು ಮಳೆಯ ತನಕ ಇಡಲಿಲ್ಲ. ನೆಲದ ಮೇಲೆ ಹಳೇ ಪೇಪರ್ ಹಾಸಿ ಕಾದೆವು. ಜೂನ್‌ನಲ್ಲಿ ಒಂದು ರಾತ್ರಿಯಿಡೀ ಸುರಿಯಿತು. ಬೆಳಗ್ಗೆ ನಾನು ಏಳುವಷ್ಟರಲ್ಲಿ ಅಪ್ಪ ಆಗಲೇ ಎಡಗಡೆ ಬಾಗಿಲು ತೆಗೆದು ಪೇಪರನ್ನು ಬೆರಳಲ್ಲಿ ಮುಟ್ಟಿ ಮುಟ್ಟಿ ನೋಡುತ್ತಿದ್ದರು. ಗರಿಗರಿಯಾಗಿತ್ತು.