ಮುಚ್ಚಿಟ್ಟ ಬೆಳ್ಳಿಯೇ ಮಂಕಾಗುತ್ತಿತ್ತು: ಬಿದ್ರಿ ಉಡುಗೊರೆ ಡಬ್ಬಿಯ ಕೆಲಸ ಎಲ್ಲಿಗೆ ಬಂತು

ಬೆಳ್ಳಿಯ ಹೊಳಪು ಕದಿಯುತ್ತಿದ್ದ ಕಳ್ಳ ಕೊನೆಗೂ ಸಿಕ್ಕಿದ್ದಾನೆ. ಡಬ್ಬಿಯ ತಳದಲ್ಲಿ, ಮಖಮಲ್ಲಿನ ಕೆಳಗೇ ಅಡಗಿದ್ದ. ಬೀದರಿನ ಚೌಬಾರಾ ಗೋಪುರದ ಬಳಿ ಇರುವ ನಮ್ಮ ಸ್ಟೇಷನರಿ ಅಂಗಡಿಯಲ್ಲಿ ಮಾರುವ ಬಿದ್ರಿ ಪೆನ್ ಸ್ಟ್ಯಾಂಡು, ಕೀಚೈನುಗಳಿಗೆ ನಾನೇ ಡಬ್ಬಿ ಕಟ್ಟುತ್ತಿದ್ದೇನೆ. ರಟ್ಟು ಕತ್ತರಿಸುವುದು, ಮಡಿಕೆಗೆ ಗೀರು ಹಾಕುವುದು ನಿಮಗೆಲ್ಲ ಗೊತ್ತಿರುವ ಕೆಲಸವಾದ್ದರಿಂದ ಆ ವಿವರವನ್ನು ಬಿಡುತ್ತೇನೆ. ಕಾಡಿದ ಸಮಸ್ಯೆ ಒಂದೇ. ಗಾಜಿನ ಕಪಾಟಿನಲ್ಲಿ ಬಿಚ್ಚಿಟ್ಟ ಮಾಲು ಹೊಳೆಯುತ್ತಲೇ ಇರುತ್ತಿತ್ತು. ಜೋಪಾನವಾಗಿ ಡಬ್ಬಿಯಲ್ಲಿ ಮುಚ್ಚಿಟ್ಟದ್ದೇ ಮಂಕಾಗುತ್ತಿತ್ತು.

ಬಿದ್ರಿಯಲ್ಲಿ ಇದು ಸಣ್ಣ ದೋಷವಲ್ಲ. ಸತುವಿಗೆ ಸ್ವಲ್ಪ ತಾಮ್ರ ಬೆರೆಸಿ ಎರಕ ಹೊಯ್ದ ಪಾತ್ರೆಯನ್ನು ಬೀದರಿನ ಕೋಟೆಯ ಮಣ್ಣು ಮತ್ತು ನವಸಾಗರದ (ಅಮೋನಿಯಂ ಕ್ಲೋರೈಡ್) ದ್ರಾವಣದಲ್ಲಿ ಹದ ಮಾಡಿದಾಗ ಮೈಯೆಲ್ಲ ಕಪ್ಪಾಗಿ, ಅದರಲ್ಲಿ ಕೂರಿಸಿದ ಬೆಳ್ಳಿಯ ತಂತಿ ಮಾತ್ರ ಬೆಳ್ಳಗೆ ಉಳಿಯುತ್ತದೆ. ಆ ಬೆಳ್ಳಿಯೂ ಕಪ್ಪಾದರೆ ಹೂಬಳ್ಳಿಯೇ ಕಾಣದಾಗುತ್ತದೆ. ಬೆಳ್ಳಿ ತೊಳೆಯುವ ದ್ರಾವಣದಲ್ಲಿ ಅದ್ದೋಣವೆಂದರೆ ಅಷ್ಟು ಶ್ರಮಪಟ್ಟು ತಂದ ಕಪ್ಪಿಗೇ ಕುತ್ತು. ಮಾಲು ಕೊಟ್ಟ ಕುಶಲಕರ್ಮಿ ಡಬ್ಬಿಯನ್ನು ತಿರುಗಿಸಿ ನೋಡಿ, “ಮಾಲ್ ಛಲೋನೇ ಅದ ರೀ, ನಿಮ್ಮ ಡಬ್ಬಿಗೇ ಏನೋ ರೋಗ ಬಂದದ” ಎಂದು ಕೈತೊಳೆದುಕೊಂಡರು. ಅವರ ಮಾತೇ ನಿಜವಾಯಿತು.

ವಸ್ತುಸಂಗ್ರಹಾಲಯಗಳವರು ಇಂಥ ರೋಗಕ್ಕೆ ಬಳಸುವ ಪರೀಕ್ಷೆಯೊಂದಿದೆ. ಬ್ರಿಟಿಷ್ ಮ್ಯೂಸಿಯಂನ ಆಂಡ್ರ್ಯೂ ಆಡಿ 1973ರಲ್ಲಿ ರೂಪಿಸಿದ ಈ ವಿಧಾನದಲ್ಲಿ, ಅನುಮಾನವಿರುವ ವಸ್ತುವಿನ ಜೊತೆ ಲೋಹದ ತುಣುಕುಗಳನ್ನು ತೇವವಿರುವ ಮುಚ್ಚಿದ ಗಾಜಿನಲ್ಲಿಟ್ಟು, 60 ಡಿಗ್ರಿ ಶಾಖದಲ್ಲಿ 28 ದಿನ ಬಿಡುತ್ತಾರೆ. ನನ್ನಲ್ಲಿ ಓವನ್ ಇಲ್ಲ, ಬೀದರಿನ ಮೇ ತಿಂಗಳ ಬಿಸಿಲಿದೆ. ಖಾಲಿ ಉಪ್ಪಿನಕಾಯಿ ಬಾಟಲಿಗಳನ್ನು ವಾಸನೆ ಹೋಗುವವರೆಗೆ ತೊಳೆದು, ಮುರಿದ ಕಾಲ್ಗೆಜ್ಜೆಯ ತುಂಡುಗಳನ್ನು ತಿಕ್ಕಿ ಬೆಳಗಿ, ಒಂದೊಂದು ಬಾಟಲಿಯಲ್ಲಿ ಒದ್ದೆ ಹತ್ತಿಯ ಜೊತೆಗೆ ಡಬ್ಬಿಯ ಒಂದೊಂದು ಸಾಮಗ್ರಿಯನ್ನಿಟ್ಟು ಮಾಳಿಗೆಯ ತಗಡಿನ ಮೇಲೆ ಸಾಲಾಗಿ ನಿಲ್ಲಿಸಿದೆ. ಹೋಲಿಕೆಗೆಂದು ಒಂದರಲ್ಲಿ ಬೆಳ್ಳಿ ಮತ್ತು ಒದ್ದೆ ಹತ್ತಿಯನ್ನು ಮಾತ್ರ ಬಿಟ್ಟೆ. ಸತುವಿನ ತುಣುಕಿಗೆ ಹಳೆಯ ಟಾರ್ಚ್ ಸೆಲ್ಲಿನ ಕವಚ ಒದಗಿತು.

ಮಖಮಲ್ಲಿನ ಕೆಳಗೆ ಮೆತ್ತೆಯಾಗಿ ಹಾಕುತ್ತಿದ್ದ ಕಪ್ಪು ರಬ್ಬರ್ ಸ್ಪಂಜಿನ ಬಾಟಲಿಯಲ್ಲಿ ಬೆಳ್ಳಿ ಮೊದಲು ಒಣಹುಲ್ಲಿನ ಹಳದಿಗೆ ತಿರುಗಿ, ಆಮೇಲೆ ಕಂದಾಗಿ, ಅಂಚಿನಲ್ಲಿ ನೀಲಿ ಹೊಡೆದು ಕಡೆಗೆ ಕಪ್ಪಾಯಿತು. ರಬ್ಬರನ್ನು ಗಟ್ಟಿಗೊಳಿಸಲು ಬೆರೆಸುವ ಗಂಧಕ ಸ್ವಲ್ಪಸ್ವಲ್ಪವೇ ಹೊರಬಿದ್ದು ಬೆಳ್ಳಿಯ ಮೇಲೆ ಸಲ್ಫೈಡಿನ ಪೊರೆ ಕಟ್ಟುತ್ತದೆ. ಮುಚ್ಚಿದ ಡಬ್ಬಿಯಲ್ಲಿ ಅದಕ್ಕೆ ಹೊರಹೋಗುವ ದಾರಿಯೂ ಇಲ್ಲ. ಉಣ್ಣೆಯ ಫೆಲ್ಟ್ ಕೂಡ ಅದೇ ಜಾತಿಯದು, ಏಕೆಂದರೆ ಉಣ್ಣೆಯ ಪ್ರೋಟೀನಿನಲ್ಲೇ ಗಂಧಕವಿದೆ. ಡಬ್ಬಿಗೆ ಸುತ್ತುತ್ತಿದ್ದ ರಬ್ಬರ್ ಬ್ಯಾಂಡುಗಳನ್ನೂ ಅಂದೇ ಗಡೀಪಾರು ಮಾಡಿದೆ. ಸ್ಪಂಜು ಕಳಿಸಿದ ಹೈದರಾಬಾದಿನ ಸಗಟು ವ್ಯಾಪಾರಿಗೆ ಫೋನು ಮಾಡಿದರೆ, ಗಂಧಕ ಬೇಕಿದ್ದರೆ ಪಟಾಕಿ ಅಂಗಡಿಯಲ್ಲಿ ವಿಚಾರಿಸಿ ಎಂಬ ಉತ್ತರ ಬಂತು. ಉಳಿದ ಹಾಳೆಗಳನ್ನು ವಾಪಸು ಪಡೆಯುವ ಮಾತನ್ನಂತೂ ಆತ ಕಿವಿಗೇ ಹಾಕಿಕೊಳ್ಳಲಿಲ್ಲ.

ಇಲ್ಲಿಗೆ ಮುಗಿಯಿತೆನ್ನುವಷ್ಟರಲ್ಲಿ ಬಿಳಿ ಅಂಟಿನ ಬಾಟಲಿ ಬೇರೆಯೇ ಕಥೆ ಹೇಳಿತು. ಅದರಲ್ಲಿ ಬೆಳ್ಳಿ ಥಳಥಳಿಸುತ್ತಿತ್ತು, ಆದರೆ ಸತುವಿನ ಕವಚಕ್ಕೆ ಬಿಳಿ ಬೂಷ್ಟು ಹಿಡಿದಂತೆ ಪುಡಿ ಎದ್ದಿತ್ತು. ಈ ಬಗೆಯ ಅಂಟಿನಿಂದ ಹೊರಡುವ ಅಸಿಟಿಕ್ ಆಮ್ಲ, ಅಂದರೆ ವಿನಿಗರಿನ ಹುಳಿಯೇ, ಸತುವನ್ನು ತಿನ್ನುತ್ತದೆ. ಬಿದ್ರಿಯ ಮೈಯಲ್ಲಿ ಬಹುಪಾಲು ಇರುವುದು ಸತುವೇ. ಬೈಂಡಿಂಗ್‌ನವರಂತೆ ಮೈದಾ ಅಂಟಿಗೆ ಹೋಗಬಹುದಿತ್ತು. ಹುಳ ಬಾರದಿರಲು ಅದಕ್ಕೆ ಹಾಕುವ ಮೈಲುತುತ್ತವನ್ನು ಲೋಹದ ಹತ್ತಿರ ತರಲು ಮನಸ್ಸಾಗಲಿಲ್ಲ. ಆದ್ದರಿಂದ ಅಂಟನ್ನೇ ಬಿಟ್ಟು, ಕಿವಿ ಮಡಚಿ ಸಂದಿಗೆ ಸಿಕ್ಕಿಸುವ ಡಬ್ಬಿಯನ್ನು ಬರೆದು ಕತ್ತರಿಸಿ, ಗಂಜಿ ಹೋಗುವಂತೆ ಕುದಿಸಿ ತೊಳೆದ ಕೋರಾ ಬಟ್ಟೆಯ ಮೆತ್ತೆ ಹಾಕಿದ್ದೇನೆ. ಈ ಜೋಡಿಯ ಬಾಟಲಿಯಲ್ಲಿ ಬೆಳ್ಳಿಯೂ ಸತುವೂ ಹೋಲಿಕೆಯ ಬಾಟಲಿಯಲ್ಲಿದ್ದಂತೆಯೇ ಉಳಿದಿವೆ. ಮಖಮಲ್ಲಿನ ಠೀವಿ ಇದಕ್ಕಿಲ್ಲ, ನಿಜ. ಮದುವೆಯ ಗಿರಾಕಿಗಳು ಮೂಗು ಮುರಿಯುತ್ತಾರೆ.

ಅದಕ್ಕೇ ಮುಂದಿನ ಕೆಲಸ ಈಗಲೇ ತಲೆಯಲ್ಲಿ ಕುಣಿಯುತ್ತಿದೆ. ಕೋಟೆಯ ರಂಗೀನ್ ಮಹಲಿನಲ್ಲಿ ಕರಿಕಲ್ಲಿಗೆ ಮುತ್ತಿನ ಚಿಪ್ಪು ಕೂರಿಸಿದ ಬಳ್ಳಿಯಿದೆಯಲ್ಲ, ಅದನ್ನು ಲಿನೋಲಿಯಂ ಅಚ್ಚಿನಲ್ಲಿ ಕೆತ್ತಿ, ಕಪ್ಪು ಕಾಗದದ ಮೇಲೆ ಬಿಳಿ ಶಾಯಿಯಲ್ಲಿ ಹೊರಹೊದಿಕೆ ಮುದ್ರಿಸಬೇಕು. ಕಪ್ಪಿನ ಮೇಲೆ ನಿಲ್ಲುವ ದಟ್ಟ ಬಿಳಿ ಶಾಯಿ ಯಾರ ಬಳಿಯಾದರೂ ಇದ್ದರೆ ತಿಳಿಸಿ.

ಅದಕ್ಕೂ ಮೊದಲು ಮುಚ್ಚಳದ ಪಾರದರ್ಶಕ ಕಿಟಕಿ ಬಾಕಿಯಿದೆ. ಲೋಹಕ್ಕೆ ಕುತ್ತಾಗುವ ಕ್ಲೋರಿನ್ ಇರುವ ಪಿವಿಸಿ ಹಾಳೆ ಬೇಡ, ಪೆಟ್ (ನೀರಿನ ಬಾಟಲಿಯ ಪ್ಲಾಸ್ಟಿಕ್) ಹಾಳೆಯೇ ಬೇಕೆಂದು ಬರೆದು ಕೊಟ್ಟು ತರಿಸಿದ ರೋಲಿನ ಮೇಲೂ ನಂಬಿಕೆ ಬರಲಿಲ್ಲ. ತಾಮ್ರದ ತಂತಿಯನ್ನು ಕೆಂಪಗೆ ಕಾಯಿಸಿ, ಹಾಳೆಗೆ ಮುಟ್ಟಿಸಿ, ಹಿತ್ತಲಿನ ಗಾಳಿಯಲ್ಲಿ ನಿಂತು ಮತ್ತೆ ಉರಿಗೆ ಹಿಡಿದೆ. ಉರಿ ಗಿಣಿಹಸಿರಾಯಿತು, ಅಂದರೆ ಹಾಳೆಯಲ್ಲಿ ಕ್ಲೋರಿನ್ ಇದೆ, ಬಂದದ್ದು ಪಿವಿಸಿಯೇ. ಆ ರೋಲಿನಿಂದ ಈಗ ಶಾಲಾ ಮಕ್ಕಳ ಪಠ್ಯಪುಸ್ತಕಗಳಿಗೆ ಹೊದಿಕೆ ಹಾಕಿಕೊಡುತ್ತಿದ್ದೇನೆ, ಪೆಟ್ ಹಾಳೆಗೆ ಬೇರೆ ವ್ಯಾಪಾರಿಯನ್ನು ಹುಡುಕುತ್ತಿದ್ದೇನೆ.