ನರಾಕುವಿನ ಬಯಕೆಗಳು: 56 ಸಂಪುಟಗಳ ಮರುಓದಿನ ದಿನಚರಿ

ಮೊದಲ ವಾರ

ರೂಮಿಕೊ ತಾಕಾಹಾಶಿಯವರ ‘ಇನುಯಾಶಾ’ ಮಾಂಗಾವನ್ನು (ಜಪಾನಿ ಚಿತ್ರಕಥೆಯನ್ನು) ಆರಂಭದಿಂದ ಕೊನೆಯವರೆಗೆ ಮತ್ತೊಮ್ಮೆ ಓದಿ, ಅದರ ಖಳನಾಯಕ ನರಾಕು ಯಾವ ಘಟ್ಟದಲ್ಲಿ ಏನನ್ನು ಬಯಸುತ್ತಾನೆ ಎಂಬುದನ್ನು ಅಧ್ಯಾಯವಾರು ಗುರುತಿಸುವ ಕೆಲಸವನ್ನು ಈ ವಾರ ಕೈಗೆತ್ತಿಕೊಂಡಿದ್ದೇನೆ. 1996ರ ನವೆಂಬರ್‌ನಿಂದ 2008ರ ಜೂನ್‌ವರೆಗೆ ‘ಶೋನೆನ್ ಸಂಡೇ’ ವಾರಪತ್ರಿಕೆಯಲ್ಲಿ ಹರಿದುಬಂದ ಈ ಧಾರಾವಾಹಿಯಲ್ಲಿ 558 ಅಧ್ಯಾಯಗಳಿವೆ, 56 ಸಂಪುಟಗಳಿವೆ. ಹಿಂದೊಮ್ಮೆ ಇಂಗ್ಲಿಷ್ ಅನುವಾದದಲ್ಲಿ ಇದನ್ನು ಓದಿದಾಗ ಕಥೆಯ ಓಟಕ್ಕೆ ಮರುಳಾಗಿ ಪುಟ ತಿರುವಿದ್ದೆನೇ ಹೊರತು, ನರಾಕು ಒಂದು ಕಡೆ ಆಡಿದ ಮಾತಿಗೂ ಇನ್ನೊಂದು ಕಡೆ ಮಾಡಿದ ಕೆಲಸಕ್ಕೂ ತಾಳೆ ಬೀಳುತ್ತದೆಯೇ ಎಂದು ನೋಡಿರಲಿಲ್ಲ.

ವಿಧಾನ ಸರಳವಾದದ್ದು. ನರಾಕು ಕಾಣಿಸಿಕೊಳ್ಳುವ ಪ್ರತಿ ಅಧ್ಯಾಯಕ್ಕೂ ಒಂದು ಚೀಟಿ. ಬಲ ಹೆಚ್ಚಿಸುವ, ಕೋರಿಕೆ ಈಡೇರಿಸುವ ಶಿಕೊನ್ ಮಣಿಗಾಗಿ ಅವನು ಹವಣಿಸುತ್ತಿದ್ದರೆ ಕೆಂಪು, ಪೂಜಾರಿಣಿ ಕಿಕ್ಯೊಳ ಸುತ್ತ ಸುಳಿಯುತ್ತಿದ್ದರೆ ನೀಲಿ, ತನ್ನ ಬಲವನ್ನೋ ಪ್ರಾಣವನ್ನೋ ಕಾಪಾಡಿಕೊಳ್ಳುತ್ತಿದ್ದರೆ ಹಳದಿ. ಈ ಚೀಟಿಗಳನ್ನು ಗೋಡೆಯ ಮೇಲೆ ಸಾಲಾಗಿ ಅಂಟಿಸಿದರೆ ಕೆಂಪಿನಿಂದ ಹಳದಿಗೆ ತಿರುಗುವ ಪಟ್ಟಿಯೊಂದು ಸಿಗುತ್ತದೆ, ನೀಲಿ ನಡುವೆ ಎಲ್ಲೋ ಬತ್ತಿಹೋಗುತ್ತದೆ ಎಂಬುದು ನನ್ನ ಊಹೆ.

ಹೆಸರಿನ ಬಗ್ಗೆ ಒಂದು ಮಾತು. ‘ನರಾಕು’ ಎಂಬುದು ನಮ್ಮ ‘ನರಕ’ವೇ, ಬೌದ್ಧ ಗ್ರಂಥಗಳ ಜೊತೆ ಚೀನಾದ ದಾರಿಯಾಗಿ ಜಪಾನಿಗೆ ಹೋದ ಸಂಸ್ಕೃತ ಪದ. ಕಬುಕಿ ರಂಗಭೂಮಿಯಲ್ಲಿ ವೇದಿಕೆಯ ಕೆಳಗಿನ ಕತ್ತಲೆಯ ಜಾಗಕ್ಕೂ ಇದೇ ಹೆಸರು. ತಿರುಗುವ ರಂಗವನ್ನು, ನಟರನ್ನು ಮೇಲೆತ್ತುವ ಹಲಗೆಗಳನ್ನು ಹಿಂದೆ ಆಳುಗಳು ಅಲ್ಲಿ ನಿಂತೇ ನಡೆಸುತ್ತಿದ್ದರು. ತಾನು ಮರೆಯಲ್ಲಿದ್ದುಕೊಂಡು ಮರದ ಬೊಂಬೆಗಳನ್ನು ಹೋರಾಟಕ್ಕೆ ಕಳುಹಿಸುವ ಈ ಪಾತ್ರಕ್ಕೆ ಇಷ್ಟು ಒಪ್ಪುವ ಹೆಸರು ಮತ್ತೊಂದಿರಲಾರದು.

ಮೂರನೆಯ ವಾರ

ಹತ್ತನೆಯ ಸಂಪುಟದ ಆಚೆಗೆ ಬಂದಿದ್ದೇನೆ. ಆರಂಭದ ಸಂಪುಟಗಳಲ್ಲಿ ನರಾಕುವಿನ ಸುಳಿವೇ ಇಲ್ಲದ ಕಾರಣ ಓದು ಬೇಗ ಸಾಗಿತು. ಅವನ ಹೆಸರು ಮೊದಲಿಗೆ ನಮಗೆ ತಲುಪುವುದು ಸನ್ಯಾಸಿ ಮಿರೊಕುವಿನ ಬಾಯಿಂದ. ಅಜ್ಜನ ಕಾಲದಲ್ಲಿ ತಗುಲಿದ ಶಾಪದಿಂದಾಗಿ ಮಿರೊಕುವಿನ ಅಂಗೈಯಲ್ಲಿ ಎಲ್ಲವನ್ನೂ ನುಂಗುವ ರಂಧ್ರವಿದೆ, ನರಾಕು ಸಾಯದಿದ್ದರೆ ಅದು ಒಂದು ದಿನ ಅವನನ್ನೇ ನುಂಗುತ್ತದೆ. ಅನಂತರ ಬಿಳಿಯ ಬಬೂನ್ ಚರ್ಮ ಹೊದ್ದ ಆಕೃತಿಯೊಂದು ಕಾಣಿಸುತ್ತದೆ. ಅದಾದ ಮೇಲೆ ಹಿತೊಮಿ ಕಾಗೆವಾಕಿ ಎಂಬ ಯುವ ಪಾಳೆಯಗಾರನ ರೂಪವನ್ನು ಕದ್ದು ಅವನು ಕೋಟೆಯೊಂದರಲ್ಲಿ ಕೂರುತ್ತಾನೆ.

ಹುಟ್ಟಿನ ಕಥೆಯನ್ನು ಈ ಬಾರಿ ನಿಧಾನವಾಗಿ ಓದಿದೆ. ಮೈಯೆಲ್ಲ ಸುಟ್ಟು ಗುಹೆಯಲ್ಲಿ ಬಿದ್ದಿದ್ದ ಒನಿಗುಮೊ ಎಂಬ ದರೋಡೆಕೋರನನ್ನು ಕಿಕ್ಯೊ ಆರೈಕೆ ಮಾಡುತ್ತಾಳೆ. ಅವನು ಅವಳ ಮೇಲೆ ಆಸೆಪಟ್ಟು, ಎದ್ದು ನಡೆಯುವ ದೇಹ ಸಿಕ್ಕರೆ ಸಾಕೆಂದು ತನ್ನನ್ನು ರಾಕ್ಷಸರಿಗೆ ಒಪ್ಪಿಸಿಕೊಳ್ಳುತ್ತಾನೆ. ಅಸಂಖ್ಯಾತ ರಾಕ್ಷಸರು ಅವನನ್ನು ತಿಂದು, ಅವನಲ್ಲಿ ಬೆಸೆದುಕೊಂಡು ನರಾಕು ಹುಟ್ಟುತ್ತಾನೆ. ಹುಟ್ಟಿದವನು ಮಾಡುವ ಕೆಲಸ ಮಾತ್ರ ಒನಿಗುಮೊ ಬಯಸಿದ್ದಕ್ಕೆ ನೇರ ವಿರುದ್ಧವಾದದ್ದು: ಕಥಾನಾಯಕ ಇನುಯಾಶಾನ ವೇಷದಲ್ಲಿ ಕಿಕ್ಯೊಳನ್ನು ಇರಿಯುತ್ತಾನೆ, ಕಿಕ್ಯೊಳ ವೇಷದಲ್ಲಿ ಇನುಯಾಶಾನ ಮೇಲೆ ಬೀಳುತ್ತಾನೆ, ಪ್ರೀತಿಸುವ ಇಬ್ಬರನ್ನು ಒಬ್ಬರಿಗೊಬ್ಬರು ಹಗೆಗಳನ್ನಾಗಿ ಮಾಡಿ, ಅವಳ ದ್ವೇಷದಿಂದ ಮಣಿ ಮಲಿನವಾಗಲಿ ಎಂದು ಕಾಯುತ್ತಾನೆ. ಕಿಕ್ಯೊ ಇನುಯಾಶಾನನ್ನು ಬಾಣದಿಂದ ಮರಕ್ಕೆ ಬಂಧಿಸಿ ತಾನು ಸಾಯುತ್ತಾಳೆ, ಅವಳ ಇಚ್ಛೆಯಂತೆ ಮಣಿಯೂ ಅವಳೊಂದಿಗೆ ಚಿತೆಯೇರುತ್ತದೆ. ಐವತ್ತು ವರ್ಷಗಳ ಕಾಲ ನರಾಕುವಿಗೆ ಮಣಿಯೂ ಇಲ್ಲ, ಕಿಕ್ಯೊಳೂ ಇಲ್ಲ; ಅನಂತರ ಮಣಿ ಲೋಕಕ್ಕೆ ಮರಳುತ್ತದೆ, ಕಿಕ್ಯೊ ಮಾಟದಿಂದ ಮತ್ತೆ ಎದ್ದು ಬರುತ್ತಾಳೆ.

ಈ ಅಧ್ಯಾಯಕ್ಕೆ ಯಾವ ಬಣ್ಣವೆಂದು ತೀರ್ಮಾನಿಸಲು ಒಂದು ಸಂಜೆ ಹಿಡಿಯಿತು. ಮಣಿಗಾಗಿಯೇ ಮಾಡಿದ್ದೆಂದು ಅವನ ಬಾಯಿ ಹೇಳುತ್ತದೆ. ಆದರೆ ಬರೀ ಮಣಿ ಬೇಕಾದವನು ಕದಿಯಬಹುದಿತ್ತು. ಅವಳು ಮೆಚ್ಚಿದವನ ಮುಖವನ್ನೇ ತೊಟ್ಟು ಅವಳನ್ನು ಇರಿಯಬೇಕಾದ ಅಗತ್ಯ ಅಸೂಯೆಯಲ್ಲದೆ ಬೇರೆಲ್ಲಿಂದ ಬರುತ್ತದೆ? ಕೊನೆಗೆ ಅರ್ಧ ಕೆಂಪು, ಅರ್ಧ ನೀಲಿ ಅಂಟಿಸಿದೆ. ವಿಧಾನದಲ್ಲಿ ಬಿರುಕು ಕಂಡದ್ದು ಅಲ್ಲಿಯೇ ಮೊದಲು.

ಮಣಿಯ ಹುಟ್ಟಿನ ಪ್ರಸಂಗವೂ ಇದೇ ಭಾಗದಲ್ಲಿ ಬರುತ್ತದೆ. ಮಿದೊರಿಕೊ ಎಂಬ ಪೂಜಾರಿಣಿಯನ್ನು ಬಯಸಿದ ಮನುಷ್ಯನೊಬ್ಬನ ಮನಸ್ಸಿನ ಸಂದಿನಲ್ಲಿ ನುಸುಳಿ ರಾಕ್ಷಸರು ಒಂದಾಗಿ ಅವಳ ಮೇಲೆ ಬೀಳುತ್ತಾರೆ; ಏಳು ಹಗಲು ಏಳು ರಾತ್ರಿ ನಡೆದ ಕಾಳಗದ ಕೊನೆಯಲ್ಲಿ ಅವಳ ಆತ್ಮವೂ ಅವರದ್ದೂ ಬೆಸೆದು ಶಿಕೊನ್ ಮಣಿಯಾಗುತ್ತವೆ. ಒನಿಗುಮೊನ ಕಥೆ ಇದೇ ಅಚ್ಚಿನಲ್ಲಿ ಎರಕಹೊಯ್ದದ್ದು ಎಂಬುದು ಮೊದಲ ಓದಿನಲ್ಲಿ ಹೊಳೆದಿರಲಿಲ್ಲ. ಮಣಿಯನ್ನು ಬಯಸುವುದೂ ಆ ಹೆಣ್ಣನ್ನು ಬಯಸುವುದೂ ಈ ಕಥೆಯಲ್ಲಿ ಆರಂಭದಿಂದಲೇ ಬಿಡಿಸಲಾಗದಂತೆ ಹೆಣೆದುಕೊಂಡಿವೆ.

ಐದನೆಯ ವಾರ

ಈ ವಾರ ಕೆಲಸ ನಿಂತಿತು. ಇಪ್ಪತ್ತರ ಆಸುಪಾಸಿನ ಸಂಪುಟಗಳಿಗೆ ಬರುವ ಹೊತ್ತಿಗೆ ಗೋಡೆಯ ಮೇಲೆ ಎರಡು ಬಣ್ಣದ ಚೀಟಿಗಳೇ ಹೆಚ್ಚಾಗಿ, ಪಟ್ಟಿಯಿಂದ ಏನನ್ನೂ ಓದಲಾಗದ ಸ್ಥಿತಿ ಬಂದಿತ್ತು. ನರಾಕು ಆಡುವ ಮಾತನ್ನು ನಂಬಿ ಬಣ್ಣ ಹಚ್ಚಿದ್ದೇ ತಪ್ಪು. ಅವನು ಎದುರಾಳಿಯನ್ನು ಕೆರಳಿಸಲು ಮಾತನಾಡುತ್ತಾನೆ, ಹೀಗಾಗಿ ಅವನ ಮಾತು ಸಾಕ್ಷಿಯಾಗಲಾರದು.

ದಾರಿ ತೋರಿಸಿದ್ದು ಮುಸೊನ ಪ್ರಸಂಗ. ಮುಖವೇ ಇಲ್ಲದ ಮನುಷ್ಯನೊಬ್ಬ ಹುಟ್ಟಿಕೊಂಡು, ಸನ್ಯಾಸಿಯೊಬ್ಬನನ್ನು ಕೊಂದು ಅವನ ಮುಖವನ್ನು ತೊಟ್ಟು, ಏಕೆಂದು ತನಗೇ ತಿಳಿಯದೆ ಕಿಕ್ಯೊಳನ್ನು ಹುಡುಕಿ ಹೊರಡುತ್ತಾನೆ. ಅವನು ನರಾಕು ತನ್ನ ಮೈಯಿಂದ ಹೊರಹಾಕಿದ ಒನಿಗುಮೊನ ಹೃದಯ. ಕಿಕ್ಯೊ ಎದುರಿಗೆ ನಿಂತರೂ ತಾನು ಕೊಲ್ಲಲಾರದೆ ಹೋಗುವುದು ಈ ಹೃದಯದಿಂದಲೇ ಎಂದು ತಿಳಿದು ನರಾಕು ಅದನ್ನು ಕಿತ್ತೆಸೆದಿದ್ದಾನೆ. ಆದರೆ ಒಳಗಿನ ರಾಕ್ಷಸರನ್ನು ಒಟ್ಟಾಗಿ ಹಿಡಿದಿಟ್ಟಿರುವ ಕಟ್ಟೂ ಅದೇ ಆದ್ದರಿಂದ, ಅದಿಲ್ಲದೆ ದೇಹ ನಿಲ್ಲದೆ, ಮುಸೊನನ್ನು ಮತ್ತೆ ಒಳಗೆಳೆದುಕೊಳ್ಳಬೇಕಾಗುತ್ತದೆ.

ಹಾಗಾದರೆ ಅವನ ಬಯಕೆಗಳ ನಿಜವಾದ ಲೆಕ್ಕ ಇರುವುದು ಅವನು ಹೊರಹಾಕಿದ ವಸ್ತುಗಳಲ್ಲಿ. ಗೋಡೆಯ ಚೀಟಿಗಳನ್ನೆಲ್ಲ ಕಿತ್ತು, ಎರಡನೆಯ ಪಟ್ಟಿಯೊಂದನ್ನು ಹೊಸದಾಗಿ ಆರಂಭಿಸಿದ್ದೇನೆ: ಯಾವ ಘಟ್ಟದಲ್ಲಿ ಅವನು ತನ್ನಿಂದ ಏನನ್ನು ಬೇರ್ಪಡಿಸಿದ, ಯಾವುದನ್ನು ಮರಳಿ ನುಂಗಿದ. ಕನ್ನಡಿ ಹಿಡಿದ ಕನ್ನಾ, ಗಾಳಿಯನ್ನು ಆಳುವ ಕಾಗುರಾ, ಮುಸೊ, ಮಗು, ಹಕುದೋಶಿ, ಕೊನೆಯಲ್ಲಿ ಬ್ಯಾಕುಯಾ, ಹೀಗೆ.

ಎಂಟನೆಯ ವಾರ

ಹಾಕುರೇಯ್ ಪರ್ವತದ ಭಾಗ ಮುಗಿಯಿತು. ಹೊಸ ಪಟ್ಟಿಯ ಪ್ರಕಾರ ಇಡೀ ಕಥೆಯ ತಿರುವು ಇಲ್ಲಿದೆ. ರಾಕ್ಷಸರು ಕಾಲಿಡಲಾರದ ಪವಿತ್ರ ಆವರಣದೊಳಗೆ, ಒಬ್ಬ ಸಂತನ ಕಳೇಬರದ ಕಾವಲಿನಲ್ಲಿ, ನರಾಕು ಅಡಗಿ ಕುಳಿತು ತನ್ನ ದೇಹವನ್ನು ಮತ್ತೆ ಕಟ್ಟಿಕೊಳ್ಳುತ್ತಾನೆ. ಹೊರಬರುವಾಗ ಮನುಷ್ಯ ಹೃದಯವನ್ನು ಒಂದು ಮಗುವಿನ ರೂಪದಲ್ಲಿ ಕಳಚಿಹಾಕಿದ್ದಾನೆ. ಅದನ್ನು ಪರೀಕ್ಷಿಸುವವನಂತೆ ಮೊದಲು ಹುಡುಕುವುದು ಕಿಕ್ಯೊಳನ್ನು. ಅವಳನ್ನು ಇರಿದು ವಿಷದ ಪ್ರವಾಹಕ್ಕೆ ಕೆಡವುತ್ತಾನೆ. ನನ್ನ ಹಳೆಯ ಊಹೆಯಂತೆ ನೀಲಿ ಬಣ್ಣ ಬತ್ತಬೇಕಾದದ್ದು ಈ ಪುಟದಲ್ಲಿ. ಆದರೆ ಅವಳ ಬಗ್ಗೆ ನಿಜಕ್ಕೂ ಏನೂ ಉಳಿಯದವನಿಗೆ, ಏನೂ ಉಳಿದಿಲ್ಲವೆಂದು ಸಾಬೀತುಪಡಿಸುವ ಅವಸರ ಏಕಿರಬೇಕು?

ಇಲ್ಲಿಂದ ಮುಂದಿನ ಹಲವು ಸಂಪುಟಗಳ ಬಗ್ಗೆ ಹೆಚ್ಚು ಬರೆಯುವುದಿಲ್ಲ. ವಾರಕ್ಕೊಂದು ಅಧ್ಯಾಯ ಕೊಡಬೇಕಾದ ಒತ್ತಡ ಇಲ್ಲಿ ಎದ್ದು ಕಾಣುತ್ತದೆ ಎಂಬುದು ನನ್ನ ಅನಿಸಿಕೆ. ನರಾಕು ಬರುತ್ತಾನೆ, ವಿಷದ ಹೊಗೆ ಬಿಟ್ಟು ಮಾಯವಾಗುತ್ತಾನೆ. ಈ ಭಾಗದಲ್ಲಿ ಅವನ ಚಿಂತೆಯೆಲ್ಲ ಪ್ರಾಣರಕ್ಷಣೆಯದ್ದು. ಹೃದಯ ಮಗುವಿನಲ್ಲಿ ಬೇರೆಡೆ ಇರುವವರೆಗೆ ತನ್ನನ್ನು ಯಾರೂ ಕೊಲ್ಲಲಾರರು ಎಂಬ ಲೆಕ್ಕಾಚಾರ. ಏಳು ಸಮುದ್ರಗಳಾಚೆಯ ಗಿಳಿಯಲ್ಲಿ ಪ್ರಾಣ ಬಚ್ಚಿಟ್ಟ ರಾಕ್ಷಸನ ಅಜ್ಜಿಕಥೆ ಕೇಳಿ ಬೆಳೆದವರಿಗೆ ಈ ಉಪಾಯ ಹೊಸದಲ್ಲ. ಹೊಸದೆಂದರೆ, ಇಲ್ಲಿ ಗಿಳಿಯೇ ತಿರುಗಿ ಬೀಳುತ್ತದೆ: ಆ ಮಗು ಮೋರ್ಯೋಮಾರು ಎಂಬ ದೇಹವನ್ನು ಕವಚ ಮಾಡಿಕೊಂಡು ನರಾಕುವನ್ನೇ ನುಂಗಲು ಹೊಂಚುಹಾಕುತ್ತದೆ.

ಕಾಗುರಾಳ ಸಾವನ್ನು ಮಾತ್ರ ಎರಡು ಬಾರಿ ಓದಿದೆ. ಬಿಡುಗಡೆಯನ್ನಷ್ಟೇ ಬಯಸಿದ ಅವಳಿಗೆ ನರಾಕು ಅವಳ ಹೃದಯವನ್ನು ಮರಳಿ ಕೊಡುತ್ತಾನೆ, ಕೊಟ್ಟ ಗಳಿಗೆಯಲ್ಲೇ ಇರಿದು ಮೈಗೆ ವಿಷವನ್ನೂ ತುಂಬುತ್ತಾನೆ. ತನ್ನ ಹೃದಯವನ್ನು ಹೊರಗಿಟ್ಟವನು ಇನ್ನೊಬ್ಬರ ಹೃದಯವನ್ನು ಶಿಕ್ಷೆಯಾಗಿ ಹಿಂತಿರುಗಿಸುತ್ತಾನೆ. ಎರಡು ಪ್ರಸಂಗಗಳನ್ನು ಪಟ್ಟಿಯಲ್ಲಿ ಅಕ್ಕಪಕ್ಕ ಬರೆದಾಗಲೇ ಇದು ಕಂಡದ್ದು.

ಹನ್ನೊಂದನೆಯ ವಾರ

ಕೊನೆಯ ಸಂಪುಟವನ್ನು ನಿನ್ನೆ ರಾತ್ರಿ ಮುಚ್ಚಿದೆ. ಮೋರ್ಯೋಮಾರುವನ್ನು ನುಂಗಿ ಹೃದಯವನ್ನು ಮರಳಿ ಪಡೆದ ನರಾಕು, ಜೇಡನ ನೂಲುಗಳನ್ನು ಚಾಚಿ ಕಿಕ್ಯೊಳನ್ನು ಸಾವಿಗೆ ದೂಡುತ್ತಾನೆ. ಒನಿಗುಮೊ ಎಂಬ ಹೆಸರಿನಲ್ಲಿ ಜೇಡವಿದೆ, ನರಾಕುವಿನ ಬೆನ್ನ ಮೇಲೆ ಜೇಡನಾಕಾರದ ಸುಟ್ಟ ಕಲೆಯಿದೆ. ಮಣಿ ಪೂರ್ಣವಾಗಿ ಅವನಲ್ಲಿ ಸೇರಿದಾಗ ಆಕಾಶವನ್ನೇ ತುಂಬುವ ದೇಹವೂ ಜೇಡನದ್ದೇ. ಮನುಷ್ಯನನ್ನು ಹೊರಹಾಕಲು ಇಷ್ಟೆಲ್ಲ ಹೆಣಗಿದವನು ಕಟ್ಟಕಡೆಗೆ ಆ ಮನುಷ್ಯನ ಹೆಸರಿನ ಆಕಾರಕ್ಕೇ ಬಂದು ನಿಂತಿದ್ದಾನೆ.

ಸಾಯುವ ಮುನ್ನ ಅವನು ಒಪ್ಪಿಕೊಳ್ಳುವ ಸಂಗತಿ ಒಂದೇ: ತನಗೆ ಬೇಕಿದ್ದದ್ದು ಕಿಕ್ಯೊಳ ಹೃದಯ, ಮಣಿ ಆ ನಿಜವಾದ ಕೋರಿಕೆಯನ್ನು ಈಡೇರಿಸಲಿಲ್ಲ. ಇದನ್ನು ಹಠಾತ್ ಪಶ್ಚಾತ್ತಾಪವೆಂದು ಕೆಲವರು ಓದುವುದನ್ನು ಕಂಡಿದ್ದೇನೆ, ಮೊದಲ ಓದಿನಲ್ಲಿ ನನಗೂ ಹಾಗೆಯೇ ಅನ್ನಿಸಿತ್ತು. ಎರಡನೆಯ ಪಟ್ಟಿಯನ್ನು ಮುಂದಿಟ್ಟುಕೊಂಡರೆ ಅಲ್ಲಿ ಹಠಾತ್ ಎನ್ನುವಂಥದ್ದು ಏನೂ ಇಲ್ಲ. ಆ ಬಯಕೆಯನ್ನು ಅವನು ಮುಸೊನಾಗಿ ಒಮ್ಮೆ, ಮಗುವಾಗಿ ಮತ್ತೊಮ್ಮೆ ಹೊರಹಾಕಿದ್ದ, ಎರಡು ಬಾರಿಯೂ ಮರಳಿ ನುಂಗಿದ್ದ. ಬದಲಾಗುತ್ತ ಹೋದದ್ದು ಅದನ್ನು ಅಲ್ಲಗಳೆಯುವ ಬಗೆ. ಮಣಿ ಬೇಕು, ಬಲ ಬೇಕು, ಸಾವು ಬಾರದಿರಲಿ ಎಂಬ ಮೂರನ್ನೂ ನಾನು ಮೂರು ಬೇರೆ ಗುರಿಗಳೆಂದು ಎಣಿಸಿದ್ದೆ.

ಉಳಿದಿರುವ ಕೆಲಸ ಒಂದು. ಸಾಯುವಾಗ ನರಾಕು ಮಣಿಯ ಮುಂದಿಟ್ಟ ಕೋರಿಕೆಯಿಂದ, ಕಿಕ್ಯೊಳ ಮರುಜನ್ಮವಾದ ಕಥಾನಾಯಕಿ ಕಾಗೊಮೆ ಮಣಿಯೊಳಗಿನ ಕತ್ತಲೆಯಲ್ಲಿ ಸಿಲುಕುತ್ತಾಳೆ. ಆ ಕೋರಿಕೆ ನರಾಕುವಿನದೋ, ತನ್ನೊಳಗಿನ ಕಾಳಗ ಮುಗಿಯದಿರಲೆಂದು ಬಯಸುವ ಮಣಿಯದೋ? ಮಣಿಗೂ ತನ್ನದೇ ಇಚ್ಛೆಯಿದೆಯೆಂದಾದರೆ, ನಾನು ಕೆಂಪು ಹಚ್ಚಿದ್ದ ಎಷ್ಟೋ ಅಧ್ಯಾಯಗಳಲ್ಲಿ ಬಯಸಿದವನು ನರಾಕುವೇ ಎಂದು ಹೇಳಲಾಗದು. ಆ ಚೀಟಿಗೆ ಇನ್ನೂ ಬಣ್ಣ ಹಚ್ಚಿಲ್ಲ. ಮುಂದಿನ ವಾರ ಹಾಕುರೇಯ್ ಪರ್ವತದ ಸಂಪುಟಗಳನ್ನು ಮತ್ತೆ ತೆಗೆದು, ಕಿಕ್ಯೊ ಬೀಳುವ ಪುಟದಲ್ಲಿ ನರಾಕುವಿನ ಮುಖವನ್ನು ತಾಕಾಹಾಶಿಯವರು ಹೇಗೆ ಬಿಡಿಸಿದ್ದಾರೆ ಎಂಬುದನ್ನು ಮಾತುಗಳನ್ನು ಓದದೆ ನೋಡಬೇಕೆಂದಿದ್ದೇನೆ.