ಲೋಕಲ್ ಲೇಬರ್ ಅಂತೆ

ಅಕ್ಟೋಬರ್ 5, 2025, ಭಾನುವಾರ

ಸಾಗರದಿಂದ ಬಂದು ಇನ್ನೂ ಬ್ಯಾಗ್ ಕೂಡ ಬಿಚ್ಚಿಲ್ಲ. ಈ ವಾರ ಭೂಮಿ ಹುಣ್ಣಿಮೆ, ಗದ್ದೆಗೆ ಎಡೆ ಒಯ್ಯೋ ಬುಟ್ಟಿಗೆ ಚಿತ್ತಾರ ಬರೆಯೋ ಗಡಿಬಿಡಿ ಊರಲ್ಲಿ ಎಲ್ಲರ ಮನೇಲೂ, ನಾನು ಮಾತ್ರ ಶಿವಮೊಗ್ಗಕ್ಕೆ ವಾಪಸ್. ಬಸ್ಸಲ್ಲಿ ಪೂರ್ತಿ ತಲೇಲಿ ಓಡ್ತಿದ್ದಿದ್ದು ಭಾವನ ಹೊಸಮನೆ ಕೊಟೇಶನ್ನು.

ಭಾವ ಮೊಬೈಲಲ್ಲಿ ತೋರ್ಸಿದ್ರು, ನಾನು ಸುಮ್ನೆ ಕೆಳಗೆ ಸರಿಸ್ತಾ ಹೋದೆ, ಫಾಲ್ಸ್ ಸೀಲಿಂಗು, ವಾರ್ಡ್‌ರೋಬು, ಪರದೆ, ಆಮೇಲೆ ಒಂದು ಸಾಲು: ವಾಲ್ ಡೆಕೋರ್, ಹಸೆ ಪ್ಯಾಟರ್ನ್, ಲೋಕಲ್ ಲೇಬರ್, ರೇಟು ಚದರಡಿಗೆ ಇಷ್ಟು. ಅದರ ಕೆಳಗೇ ಇನ್ನೊಂದು ಸಾಲು: ಆರ್ಟ್‌ವರ್ಕ್. ಅದಕ್ಕೆ ಬೆಂಗಳೂರಿನ ಒಬ್ಬ ಪೇಂಟರ್ ಹೆಸರಿದೆ, ಚಿತ್ರಕ್ಕೊಂದು ಹೆಸರಿದೆ, ಇಡೀ ಚಿತ್ರಕ್ಕೆ ಅಂತ ಒಂದು ಮೊತ್ತ ಇದೆ. ಲೋಕಲ್ ಲೇಬರ್ ಅಂದ್ರೆ ನಮ್ಮ ದೊಡ್ಡಮ್ಮ. ಮದುವೆ ಅಂದ್ರೆ ಸುತ್ತಮುತ್ತಲಿನ ಊರೋರೆಲ್ಲ ಹಸೆಗೋಡೆ, ಅಂದ್ರೆ ಮದುವೆ ಮನೆ ಗೋಡೆ ಮೇಲಿನ ಚಿತ್ತಾರ, ಬರೆಯೋಕೆ ಕರ್ಕೊಂಡು ಹೋಗೋದು ಇವತ್ತಿಗೂ ಅವಳನ್ನೇ.

ಆ ಪೇಂಟರ್ ಬಗ್ಗೆ ನಂಗೆ ಏನೂ ಬೇಜಾರಿಲ್ಲ, ಚಿತ್ರ ನೋಡಿದೀನಿ, ನಿಜವಾಗ್ಲೂ ಚೆನ್ನಾಗಿದೆ. ನಂಗೆ ಚುಚ್ಚಿದ್ದು ಬೇರೆ. ಸೋಫಾ ಬಟ್ಟೆ ಆರಿಸಿರೋದು ಆ ಕ್ಯಾನ್ವಾಸಿಗೆ ಹೊಂದೋ ಹಾಗೆ. ಆಮೇಲೆ ಆ ಸೋಫಾಗೆ ಹೊಂದೋ ಹಾಗೆ ಹಸೆಯ ಕೆಂಪು ಬದಲಾಯಿಸಿ ಅಂತ ಡಿಸೈನರ್ ಹೇಳಿ ಕಳಿಸಿದಾಳೆ. ಒಂದರ ಮಾತು ಮನೆಯೆಲ್ಲ ಕೇಳ್ಬೇಕು, ಇನ್ನೊಂದು ಮನೆಯವರೆಲ್ಲರ ಮಾತು ಕೇಳ್ಬೇಕು. ಲಲಿತಕಲೆ, ಅಲಂಕಾರ ಕಲೆ ಅಂತ ದೊಡ್ಡ ದೊಡ್ಡ ಪುಸ್ತಕದಲ್ಲಿ ಎಷ್ಟು ಬರೆದಿದ್ರೂ ನನ್ನ ಮಟ್ಟಿಗೆ ವ್ಯತ್ಯಾಸ ಇರೋದು ಇಲ್ಲೇ.

ದೊಡ್ಡಮ್ಮಂಗೆ ಇದನ್ನ ಹೇಳೋದೋ ಬೇಡ್ವೋ ಅಂತಿದ್ದೆ, ಅವಳೇ ಕೇಳಿದ್ಲು. ಜಗಲೀಲಿ ಕೂತು ಭೂಮಣ್ಣಿ ಬುಟ್ಟಿ ಬರೀತಿದ್ಲು. ಸಗಣಿ ಬಳಿದು ಒಣಗಿಸಿ ಕೆಮ್ಮಣ್ಣು ಹಚ್ಚಿದ್ದ ಬುಟ್ಟಿ, ಕೈಯಲ್ಲಿ ಪುಂಡಿ ನಾರಿನ ಕುಂಚ, ಪಕ್ಕದಲ್ಲಿ ಗರಟೆ ತುಂಬ ಅಕ್ಕಿ ಹಿಟ್ಟಿನ ಬಿಳಿ.

"ಎಂತ ಬಣ್ಣ ಬೇಕಂತೆ ಅದಕ್ಕೆ?"

"ಟೀಲ್ ಅಂತೆ ದೊಡ್ಡಮ್ಮ, ನವಿಲು ಕತ್ತಿನ ಬಣ್ಣದ ಥರ ಇರುತ್ತೆ."

"ಅದನ್ನ ಎಂತರಲ್ಲಿ ಮಾಡದು?"

"ಮಾಡದಲ್ಲ, ಡಬ್ಬೀಲಿ ಬರುತ್ತೆ."

ಅವಳು ಏನೂ ಅನ್ಲಿಲ್ಲ, ಎಳೆ ಎಳೀತಾನೇ ಇದ್ಲು. ಅವಳಿಗೆ ಬಣ್ಣ ಅಂದ್ರೆ ನಾಲ್ಕೇ, ಅಕ್ಕಿ ಬಿಳಿ, ಕೆಮ್ಮಣ್ಣಿನ ಕೆಂಪು, ಹುರಿದು ಕರಿ ಮಾಡಿದ ಅಕ್ಕಿಯ ಕಪ್ಪು, ಗುರಿಗೆ ಕಾಯಿ ಹಳದಿ. ಅಕ್ಕಿ ಹಿಟ್ಟಿನ ಎಳೆ ಹಸಿ ಇದ್ದಾಗ ಸರಿಯಾಗಿ ಕಾಣೋದೇ ಇಲ್ಲ, ಒದ್ದೆ ಗೆರೆ ಅಷ್ಟೇ, ಒಣಗ್ತಾ ಒಣಗ್ತಾ ಬಿಳಿ ಏಳುತ್ತೆ. ಅಂದ್ರೆ ಅವಳು ಅರ್ಧ ಕಾಣದೇ ಬರೀತಾಳೆ. ಬುಟ್ಟಿ ಬೇರೆ ಗುಂಡಗಿರೋದು, ಸುತ್ತಿ ಬಂದ ಎಳೆ ಶುರುವಾದ ಜಾಗಕ್ಕೇ ಬಂದು ಕೂಡ್ಬೇಕು, ಸ್ಕೇಲಿಲ್ಲ ಪೆನ್ಸಿಲ್ಲಿಲ್ಲ, ಎಷ್ಟು ಜಾಗ ಬಿಟ್ರೆ ಕೊನೆಗೆ ಸರಿ ಹೋಗುತ್ತೆ ಅಂತ ಮೊದಲನೇ ಎಳೇಲೇ ಗೊತ್ತಿರ್ಬೇಕು. ಕುಂಚ ಎತ್ತೋ ತನಕ ಮಾತಾಡಲ್ಲ. ಎತ್ತಿದ ಮೇಲೆ ಕೇಳಿದ್ಲು,

"ಆ ಬೆಂಗಳೂರು ಚಿತ್ರದೋರಿಗೂ ಚದರಡಿ ಲೆಕ್ಕನೇನ?"

"ಅಲ್ಲ, ಇಡೀ ಚಿತ್ರಕ್ಕೆ ಲೆಕ್ಕ."

"ಹಂಗಾರೆ ನಂದೂ ಇಡೀ ಗೋಡೆಗೇ ಲೆಕ್ಕ ಹಾಕು. ಬರಿಯೋಕೆ ಮುಂಚೆ ಗೋಡೆ ನೋಡ್ತಾ ಕೂರ್ತೀನಲ, ಅದು ಎಷ್ಟು ಚದರಡಿ ಆಗುತ್ತೆ ಮಾರಾಯ್ತಿ?"

ನಂಗೆ ಉತ್ತರ ಹೊಳೀಲಿಲ್ಲ. ಈಗ್ಲೂ ಹೊಳೀತಿಲ್ಲ.

ಇದು ಲಲಿತಕಲೆ, ಅದು ಬರೀ ಅಲಂಕಾರ ಅಂತ ಮಧ್ಯೆ ಈ ಗೆರೆ ಎಳೆದಿದ್ದು ಯಾರು ಅಂತ ಬಸ್ಸಲ್ಲಿ ಯೋಚನೆ ಮಾಡ್ತಾ ಬಂದೆ. ಲಂಡನ್ನಿನ ರಾಯಲ್ ಅಕಾಡೆಮಿ 1768ರಲ್ಲಿ ಶುರುವಾಗಿದ್ದು, ಸ್ವಲ್ಪ ವರ್ಷದಲ್ಲೇ ಸೂಜಿ ಕೆಲಸ, ಕಾಗದ ಕತ್ತರಿಸಿದ ಕೆಲಸ, ಚಿಪ್ಪಿನ ಕೆಲಸ ಯಾವ್ದೂ ನಮ್ಮ ಪ್ರದರ್ಶನಕ್ಕೆ ಬೇಡ ಅಂತ ಹೇಳ್ಬಿಟ್ರು, ಅವೆಲ್ಲ ಹೆಚ್ಚಾಗಿ ಹೆಂಗಸರು ಮಾಡ್ತಿದ್ದ ಕೆಲಸಗಳೇ. ನಮ್ಮಲ್ಲಿ ಸ್ವಾತಂತ್ರ್ಯ ಬಂದ ಮೇಲೂ 1952ರಲ್ಲಿ ಹ್ಯಾಂಡಿಕ್ರಾಫ್ಟ್ಸ್ ಬೋರ್ಡು, 1954ರಲ್ಲಿ ಲಲಿತ ಕಲಾ ಅಕಾಡೆಮಿ, ಎರಡೂ ಬೇರೆ ಬೇರೆ. ಇವತ್ತಿಗೂ ಕರಕುಶಲ ಅನ್ನೋದು ಜವಳಿ ಸಚಿವಾಲಯದ ಕೈಲಿದೆ, ಲಲಿತಕಲೆ ಸಂಸ್ಕೃತಿ ಸಚಿವಾಲಯದ ಕೈಲಿ. ಬೋರ್ಡು ಬೇಡಿತ್ತು ಅಂತ ನಾನು ಹೇಳಲ್ಲ, ನಮ್ಮ ಮಂಗಳೂರಿನ ಕಮಲಾದೇವಿ ಚಟ್ಟೋಪಾಧ್ಯಾಯರು ಅದರ ಮುಂದೆ ನಿಂತು ದುಡಿಯದೇ ಇದ್ದಿದ್ರೆ ಎಷ್ಟು ಕೆಲಸಗಳು ಇಷ್ಟೊತ್ತಿಗೆ ಹೇಳಹೆಸರಿಲ್ಲದೆ ಹೋಗಿರ್ತಿದ್ವೋ.

ಬದಲಾಗಿಲ್ಲ ಅಂತನೂ ಅಲ್ಲ. ಭೋಪಾಲಿನ ಭಾರತ ಭವನದಲ್ಲಿ 1982ರಲ್ಲೇ ಕಲಾವಿದ ಜೆ. ಸ್ವಾಮಿನಾಥನ್ ಅವರು ಗೊಂಡ ಬುಡಕಟ್ಟಿನ ಹುಡುಗ ಜನಗಢ ಸಿಂಗ್ ಶ್ಯಾಮ್ ಚಿತ್ರಾನೂ ದೊಡ್ಡ ದೊಡ್ಡ ಪೇಟೆ ಕಲಾವಿದರ ಚಿತ್ರಾನೂ ಒಂದೇ ಸೂರಿನಡಿ ಇಟ್ರು. ಬೆಂಗಳೂರು ಚಿತ್ರಸಂತೇಲಿ ಈಗ ಹಸೆ ಚಿತ್ತಾರಕ್ಕೆ ಫ್ರೇಮ್ ಹಾಕಿ ಮಾರ್ತಾರೆ, ಜನ ತಗೋತಾರೆ, ಖುಷಿನೇ.

ಆದ್ರೆ ನಂಗೆ ಯಾವಾಗ್ಲೂ ನೆನಪಾಗೋದು ಗಂಗಾ ದೇವಿ. ಬಿಹಾರದ ಮಿಥಿಲೆಯ ಚಿತ್ರಗಾರ್ತಿ. ಅಲ್ಲಿ ಮದುವೆ ಕೋಣೆ ಗೋಡೆಗೆ ಕೊಹ್ಬರ್ ಅಂತ ಬರೀತಾರೆ, ನಮ್ಮ ಹಸೆಗೋಡೆ ಥರದ್ದೇ ಅದೂ. 1966ರ ಬರಗಾಲದ ಹೊತ್ತಲ್ಲಿ ಹ್ಯಾಂಡಿಕ್ರಾಫ್ಟ್ಸ್ ಬೋರ್ಡಿನವರು ಭಾಸ್ಕರ ಕುಲಕರ್ಣಿ ಅನ್ನೋರ ಕೈಲಿ ಅಲ್ಲಿನ ಹೆಂಗಸರಿಗೆ ಕಾಗದ ಕೊಡ್ಸಿ ಬರೆಸಿದ್ರು, ಗೋಡೆ ಮೇಲಿದ್ದಿದ್ದು ಕಾಗದಕ್ಕೆ ಬಂತು. ಗಂಗಾ ದೇವಿ ಆ ದಾರೀಲಿ ಎಲ್ಲೆಲ್ಲಿಗೋ ಹೋದ್ರು, ಅಮೆರಿಕಕ್ಕೆ ಹೋಗಿ ಬಂದು ರೋಲರ್ ಕೋಸ್ಟರ್ ಬರೆದ್ರು, ಕ್ಯಾನ್ಸರ್ ಬಂದಾಗ ಆ ಕಾಯಿಲೆ ದಿನಗಳನ್ನೇ ಚಿತ್ರ ಮಾಡಿದ್ರು, 1984ರಲ್ಲಿ ಪದ್ಮಶ್ರೀನೂ ಬಂತು. ಆ ಕಾಯಿಲೇಲೇ ದೆಹಲಿಯ ಕ್ರಾಫ್ಟ್ಸ್ ಮ್ಯೂಸಿಯಮ್ಮಿನ ಗೋಡೆ ಮೇಲೆ ಒಂದು ಕೊಹ್ಬರ್ ಘರ್ ಬರೆದ್ರು. 1991ರಲ್ಲಿ ತೀರಿಕೊಂಡ್ರು. 2015ರ ಹೊತ್ತಿಗೆ ಮ್ಯೂಸಿಯಂ ರಿಪೇರಿ ಮಾಡುವಾಗ ಆ ಚಿತ್ರ ಹೋಯ್ತು. ಪದ್ಮಶ್ರೀ ಬಂದೋರು ಬರೆದ ಚಿತ್ರ, ಅದೂ ಮ್ಯೂಸಿಯಂ ಒಳಗೆ. ಅದೇ ಗೋಡೆಗೆ ಎಂ.ಎಫ್. ಹುಸೇನ್ ಥರದ ದೊಡ್ಡ ಪೇಂಟರ್ ಕ್ಯಾನ್ವಾಸ್ ನೇತು ಹಾಕಿದ್ದಿದ್ರೆ ಮೊದಲು ಅದನ್ನ ಇಳಿಸಿ ಸುತ್ತಿಟ್ಟು ಆಮೇಲೆ ಕೆಲಸ ಶುರು ಮಾಡ್ತಿದ್ರು. ಇದನ್ನ ನೆನೆಸಿಕೊಂಡ್ರೆ ಇವತ್ತಿಗೂ ಹೊಟ್ಟೆ ಉರಿಯುತ್ತೆ.

ನಮ್ಮ ಹಸೇನೂ ಅಳಿಸಿ ಹೋಗುತ್ತಲ್ಲ ಅಂತ ಭಾವ ಅಂದ್ರು. ಹೌದು, ಹೋಗುತ್ತೆ, ಗೋಡೆ ಸಾರಿಸ್ತಾರೆ, ಮತ್ತೆ ಬರೀತಾರೆ. ಆದ್ರೆ ಸಾರಿಸೋದು ಬರೆದೋಳೇ, ಇಲ್ಲಾ ಅವಳ ಸೊಸೆ, ಮುಂದಿನ ಹಬ್ಬಕ್ಕೆ ಬರೆಯೋಳು ಯಾರೋ ಅವಳು. ಗುತ್ತಿಗೆದಾರ ಬಂದು ಸುಣ್ಣ ಬಳಿಯೋದೂ ಅದೂ ಒಂದೇನಾ?

ಮಧ್ಯೆ ಕರೆಂಟ್ ಹೋಯ್ತು. ಅಮ್ಮ ಫೋನ್ ಮಾಡಿ ಬಿಪಿ ಮಾತ್ರೆ ಮುಗ್ದಿದೆ ಅಂದ್ಲು, ನಾಳೆ ತಗೊಂಡು ಕಳಿಸ್ಬೇಕು. ಜೊತೆಗೆ ಭಾವಂಗೆ ಸಿಟ್ಟು ಬಂದಿದೆ ಅಂತಾನೂ ಹೇಳಿದ್ಲು. ಬರ್ಲಿ. ಲೋಕಲ್ ಲೇಬರ್ ಅನ್ನೋದನ್ನ ತೆಗೀರಿ, ಹೆಸರು ಹಾಕ್ಸಿ, ಕೆಂಪು ಕೆಂಪಾಗೇ ಇರ್ಲಿ ಅಂತ ನಾನು ಕೇಳಿದ್ದು ಅಷ್ಟೇ. ಕಲೆ ಅನ್ನಿಸ್ಕೊಳ್ಳೋಕೆ ಅದು ಗೋಡೆಯಿಂದ ಇಳಿದು ಫ್ರೇಮೊಳಗೆ ಹೋಗ್ಲೇಬೇಕು ಅಂತ ನಂಗೆ ಅನ್ಸಲ್ಲ, ಗೋಡೆ ಮೇಲೇ ಇರ್ಲಿ, ಬುಟ್ಟಿ ಮೇಲೇ ಇರ್ಲಿ, ಚರಗ ಬೀರೋಕೆ, ಅಂದ್ರೆ ಎಡೆ ಚೆಲ್ಲೋಕೆ, ಗದ್ದೆಗೆ ಹೋಗಿ ಕೆಸರು ಮೆತ್ಕೊಂಡು ಬರ್ಲಿ, ಆದ್ರೂ ಬರೆದೋಳು ಬೇಡ ಅಂದ್ರೆ ಬೇಡ ಅಂತ ನಡೀಬೇಕು.

ಇನ್ನೊಂದು ವಿಷಯ ಹೇಳೋದು ಮರ್ತೆ, ಅಕ್ಕನ ಮಗಳು ಪೇಟೇಲಿ ಡ್ರಾಯಿಂಗ್ ಕ್ಲಾಸಿಗೆ ಹೋಗ್ತಾಳೆ, ಹೂಜಿ ಇಟ್ಟು ಪೆನ್ಸಿಲ್ ಶೇಡಿಂಗ್ ಮಾಡ್ತಾಳೆ, ಚೆನ್ನಾಗೇ ಮಾಡ್ತಾಳೆ, ಇವತ್ತು ದೊಡ್ಡಮ್ಮನ ಕುಂಚ ತಗೊಂಡು ಒಂದು ಎಳೆ ಎಳೆಯೋಕೆ ಹೋಗಿ ಕೈ ನಡುಗಿ ಹಾಗೇ ಬಿಟ್ಲು. ಅವಳ ಕ್ಲಾಸಿನ ಸರ್‌ನ ಕೇಳಿ ಒಂದು ಭಾನುವಾರ ದೊಡ್ಡಮ್ಮನ್ನೇ ಅಲ್ಲಿಗೆ ಕರೆಸಿದ್ರೆ ಹೇಗೆ ಅಂತ ಯೋಚನೆ, ಸುಮ್ನೆ ನೋಡೋಕೆ ಅಲ್ಲ, ಪಾಠ ಮಾಡೋಕೆ, ಸರ್ ತಗೊಳ್ಳೋ ಫೀಸೇ ಇವಳಿಗೂ, ಅದನ್ನ ಮೊದ್ಲೇ ಮಾತಾಡ್ಕೋಬೇಕು, ಆದ್ರೆ ದೊಡ್ಡಮ್ಮ ಒಬ್ಬಳೇ ಬರಲ್ಲ, ಕೆಂಪು ತುಂಬೋಕೆ ಅತ್ತಿಗೇನೂ ಬೇಕು, ಆಗ ಇಬ್ಬರಿಗೂ ಫೀಸು ಕೇಳ್ಬೇಕು.